ಎರಡು ಶ್ರಾವಣದ ಹಸಿರು ಬಳೆ

21 ಸೆಪ್ಟೆಂಬರ್ 1995, ಗುರುವಾರ. ಮಧ್ಯಾಹ್ನ 3

ಕರೆಂಟ್ ಇಲ್ಲ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಮೂರು ಪುಟ್ಟಿ ಜೋಳ, ಒಂದು ಡಬ್ಬಿ ಗೋಧಿ ಪಾಳಿಯಲ್ಲಿ ಕುಂತಿವೆ. ಅವುಗಳ ಒಡತಿಯರು ಮಾತ್ರ ಇಲ್ಲ. ಹಾಲಿನ ತಂಬಿಗೆ ಹಿಡಿದು ಗುಡಿಗೆ ಓಡಿದ್ದಾರೆ. ಗಣಪತಿ ಹಾಲು ಕುಡಿಯುತ್ತಿದ್ದಾನಂತೆ. ಬೆಳಿಗ್ಗೆ ದಿಲ್ಲಿಯಲ್ಲಿ ಕುಡಿದ, ಊಟದ ಹೊತ್ತಿಗೆ ಮುಂಬಯಿ, ಈಗ ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆ. ಹೊಟ್ಟೆಯೇನೋ ದೊಡ್ಡದೇ, ಒಪ್ಪೋಣ. ಆದರೆ ಓಣಿಯಲ್ಲಿ ಮಕ್ಕಳಿಗೆ ಒಂದು ತೊಟ್ಟು ಹಾಲಿಲ್ಲ. ಸುಕನ್ಯಾ ಐದು ವರ್ಷದವಳು, ಬರೀ ಬಿಸ್ಕೀಟು ತಿಂದು ಮಲಗಿದಳು. ನಾನು ಕರಿ ಚಹಾ ಕುಡಿದೆ.

ಅದೇ ದಿನ, ಸಂಜೆ 6

ಅಣ್ಣ ಬಂದಿದ್ದ. ಧಾರವಾಡದ ಮಗ್ಗುಲಿನ ಸತ್ತೂರಿನಿಂದ, ಹೆಂಡತಿ, ಅಂದರೆ ನಮ್ಮ ವೈನಿ ಕಾಳವ್ವನನ್ನೂ ಕರೆದುಕೊಂಡು. ಆಸ್ಪತ್ರೆ ಗೇಟಿನ ಮುಂದಿನ ತನ್ನ ಚಹಾದಂಗಡಿಗೆ ಕದ ಹಾಕಿ ಹುಬ್ಬಳ್ಳಿಯ ಗುಡಿಗೆ ಬಂದಿದ್ದನಂತೆ. ಗಿರಣಿಯೊಳಗೆ ಬಂದವನೇ,

"ದಾಕ್ಷಾ, ಮೂರು ತಾಸು ಪಾಳಿ ಹಚ್ಚಿದೆ. ನನ್ನ ಕೈಯಾಗಿಂದ ಕುಡದಾ ನೋಡು. ಈ ಬೀರಲಿಂಗಪ್ಪನ ಕೈಯಾಗಿಂದ!"

ಕಣ್ಣಲ್ಲಿ ನೀರು. ಅಷ್ಟಕ್ಕೆ ನಾನು ಕೈ ಮುಗಿದು ಸುಮ್ಮನಿರಬೇಕಿತ್ತು. ನನ್ನ ನಾಲಿಗೆ ಆ ಪೈಕಿ ಅಲ್ಲ. ಅವನ ತಂಬಿಗೆಯಲ್ಲಿ ಉಳಿದಿದ್ದ ಹಾಲನ್ನೇ ಚಮಚದಲ್ಲಿ ತೆಗೆದುಕೊಂಡು ಗಿರಣಿ ಮೋಟರಿನ ಮೂತಿಗೆ ಹಿಡಿದೆ. ಕರೆಂಟ್ ಇರಲಿಲ್ಲ, ಅದೊಂದು ಪುಣ್ಯ. ಹಾಲು ಕಬ್ಬಿಣದ ಮೇಲೆ ಸರ್ರಂತ ಇಳಿಯಿತು.

"ನೋಡಣ್ಣಾ, ನಮ್ಮ ಹತ್ತು ಎಚ್‌ಪಿ ಮೋಟರೂ ಕುಡೀತೈತಿ. ಇದಕ್ಕೂ ಪಾಳಿ ಹಚ್ಚತೀಯೇನು?"

ಬಾಗಿಲಲ್ಲಿ ನಿಂತಿದ್ದ ಓಣಿ ಪೂರ್ತಿ ನಕ್ಕಿತು. ಎದುರು ಮನೆಯ ಮುರಿಗೆವ್ವ ನಕ್ಕು ನಕ್ಕು ಕಟ್ಟೆಯ ಮೇಲೆ ಕುಂತುಬಿಟ್ಟಳು. ಅಣ್ಣ ನಗಲಿಲ್ಲ. ಚಮಚ ಇಸಿದುಕೊಂಡು ಅಂಗಿಗೆ ಒರೆಸಿದ. "ಇನ್ನ ಮ್ಯಾಲೆ ನಿನ್ನ ಮನಿ ಹೊಸ್ತಿಲಾ ತುಳಿಯಾಂಗಿಲ್ಲ," ಅಂದ. ವೈನಿ ನನ್ನ ಕಡೆ ಒಮ್ಮೆ ನೋಡಿ ಅವನ ಹಿಂದೆಯೇ ಹೋದಳು.

ಇರಲಿ. ನಾಲ್ಕು ದಿನದ ಸಿಟ್ಟು. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಮುಂದಿನ ಪಂಚಮಿಗೆ ಕರೆಯಲು ಬಂದೇ ಬರುತ್ತಾನೆ.

ಕರೆಂಟ್ ಬಂತು.

19 ಆಗಸ್ಟ್ 1996. ನಾಗರ ಪಂಚಮಿ

ಅಣ್ಣ ಬರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು ಎಲ್ಲಾ ಮಾಡಿಟ್ಟು ಚೀಲ ಕಟ್ಟಿಕೊಂಡು ಕುಂತಿದ್ದೆ. ತವರಿನವರು ಬಂದು ಕರೆಯದೆ ಪಂಚಮಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಅಪ್ಪ ಹೋದ ಮೇಲೆ ನನಗೆ ತವರು ಅಂದರೆ ಅವನೊಬ್ಬನೇ. ಸಂಜೆ ಚೀಲ ಬಿಚ್ಚಿದೆ.

8 ಆಗಸ್ಟ್ 1997

ಪಂಚಮಿ. ಬರಲಿಲ್ಲ.

ಜುಲೈ 1998, ತಾರೀಕು ಮರೆತೆ

ಹೊಸ ಗದ್ದಲ. ಮೋಹಿನಿಯೊಬ್ಬಳು ಮನೆ ಮನೆಯ ಕದ ಬಡಿದು ಹೆಸರು ಹಿಡಿದು ಕರೆಯುತ್ತಾಳಂತೆ. ಓ ಅಂದರೆ ಸತ್ತರು. ಅದಕ್ಕೆ ಕದದ ಮೇಲೆ 'ನಾಳೆ ಬಾ' ಅಂತ ಬರೆಯಬೇಕು, ದಿನಾ ಓದಿ ದಿನಾ ವಾಪಸ್ ಹೋಗುತ್ತಾಳೆ. ನಮ್ಮ ಯಜಮಾನರು ಲೇಥ್ ವರ್ಕ್‌ಶಾಪಿನಿಂದ ಕೆಂಪು ಪೇಂಟು ತಂದು, ಮನೆಯ ಕದ ಬಿಟ್ಟು ಗಿರಣಿಯ ಕದದ ಮೇಲೆ ದೊಡ್ಡದಾಗಿ ಬರೆದರು. ಬೆಳಿಗ್ಗೆಯಿಂದ ಒಂದು ಪುಟ್ಟಿ ಜೋಳ ಬರಲಿಲ್ಲ. ಹೊರಗೆ ಬಂದು ನೋಡಿದರೆ ಹೆಂಗಸರು ಪುಟ್ಟಿ ಹೊತ್ತು ಬಂದು, ಓದಿ, ವಾಪಸ್ ಹೋಗುತ್ತಿದ್ದಾರೆ. ಸೀಮೆಎಣ್ಣೆ ಹಾಕಿ ತಿಕ್ಕಿದೆ. 'ನಾಳೆ' ಹೋಯಿತು, 'ಬಾ' ಉಳಿಯಿತು. ಅಷ್ಟು ಸಾಕು.

ಪಂಚಮಿಗೆ ಅಣ್ಣ ಬರಲಿಲ್ಲ. ಅವನ ಕದದ ಮೇಲೂ ಬರೆದಿದ್ದಾನೋ ಏನೋ.

16 ಆಗಸ್ಟ್ 1999. ಪಂಚಮಿ

ಸುಕನ್ಯಾಳ ಶಾಲೆಯಲ್ಲಿ ಎಲ್ಲರ ಕೈಯಲ್ಲೂ ಯೋಯೋ. ದಾರ ಬಿಟ್ಟರೆ ಕೆಳಗೆ, ಎಳೆದರೆ ಮೇಲೆ. ನಮ್ಮವಳು ಮೇಲೆ ಎಳೆದಾಗ ಟ್ಯೂಬ್‌ಲೈಟ್ ಒಡೆಯಿತು. ಬೈಯಬೇಕೆಂದೆ, ಆಗಲಿಲ್ಲ. "ಅವ್ವಾ, ಮಾಮಾ ಯಾಕ ಬರೂದಿಲ್ಲ?" ಅಂತ ಅದೇ ಹೊತ್ತಿಗೆ ಕೇಳಿದಳು.

ಫೆಬ್ರವರಿ 2001

ಇವರು ನಗೆಕೂಟ ಸೇರಿದ್ದಾರೆ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಮೂವತ್ತು ಗಂಡಸರು ಕೈ ಮೇಲೆತ್ತಿ ಹಾ ಹಾ ಹಾ ಅನ್ನುತ್ತಾರೆ. ಅಲ್ಲಿಯ ನಗು ಅಲ್ಲಿಗೇ ಖರ್ಚಾಗುತ್ತದೆ. ಮನೆಗೆ ಬಂದು ಚಹಾ ಆರಿದೆ ಅಂತ ಮುಖ ಗಂಟು.

13 ಆಗಸ್ಟ್ 2002. ಪಂಚಮಿ

ಬರಲಿಲ್ಲ. ಅದಿರಲಿ. ಈಗ ಬಾಟಲಿ ಹುಚ್ಚು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕಲಸಿ ಬಾಟಲಿ ತುಂಬಿ ಅಂಗಳದಲ್ಲಿ ಇಟ್ಟರೆ ನಾಯಿ ಬರುವುದಿಲ್ಲವಂತೆ. ಓಣಿಯ ಎಲ್ಲ ಮನೆಗೂ ಬಾಟಲಿ ಬಂದಿವೆ. ಮುರಿಗೆವ್ವನ ಬಾಟಲಿಗೆ ತಲೆ ಕೊಟ್ಟು ಒಂದು ಕರಿ ನಾಯಿ ಮಲಗಿತ್ತು. ತೋರಿಸಿದೆ. "ಅದು ನಮ್ಮ ಓಣಿ ನಾಯಿ, ಅದಕ್ಕ ಹತ್ತೂದಿಲ್ಲ," ಅಂದಳು. ಇಂಥ ಮಂದಿ.

ಇವೆಲ್ಲ ಎಲ್ಲಿ ಹುಟ್ಟುತ್ತವೆ ಅಂತ ನನಗೊಂದು ಆಶ್ಚರ್ಯ. ಯಾರೋ ಒಬ್ಬರು ಮೊದಲು ಬಾಯಿ ತೆರೆದಿರಲೇಬೇಕಲ್ಲ? ಅಂಥವರನ್ನು ಒಮ್ಮೆ ಕಣ್ಣಾರೆ ನೋಡಬೇಕು.

20 ಜುಲೈ 2004, ಮಂಗಳವಾರ. ಮಧ್ಯಾಹ್ನ 2

ಕರೆಂಟ್ ಇಲ್ಲ. ನಡೆದದ್ದನ್ನು ಬರೆದುಬಿಡುತ್ತೇನೆ.

ಬೆಳಿಗ್ಗೆ ಗಿರಣಿಯ ಬೆಲ್ಟಿನ ಪಟ್ಟಾ ಬಡಿದು ಎರಡೂ ಕೈಯ ಬಳೆ ಒಡೆದವು. ಬರಿಗೈಯಲ್ಲಿ ಇರಬಾರದು ಅಂತ ಬಳೆಗಾರ ಗೌಸಮೊದ್ದೀನನನ್ನು ಕರೆದು ಹಸಿರು ಬಳೆ ಇಡಿಸಿಕೊಂಡೆ, ಕೈಗೊಂದು ಡಜನ್. ಇಷ್ಟೇ ನಡೆದದ್ದು.

ಹನ್ನೊಂದಕ್ಕೆ ಎಂಟು ಮಂದಿ ಪಾಳಿಯಲ್ಲಿದ್ದರು. ನಿನ್ನೆ ಮೊನ್ನೆ ಅಧಿಕ ಶ್ರಾವಣ ಹಿಡಿದಿದೆ. ಈ ವರ್ಷ ಎರಡು ಶ್ರಾವಣ, ಪಂಚಮಿ ಯಾವುದರಲ್ಲಿ ಅಂತ ಚರ್ಚೆ. ನಾನು ಗಿರಣಿ ನಿಲ್ಲಿಸಿ ಕಲ್ಲು ಬಿಗಿ ಮಾಡುತ್ತಿದ್ದೆ. ಹಾಗಾಗಿ ಮುರಿಗೆವ್ವ ಅಂದದ್ದು ಎಲ್ಲರಿಗೂ ಕೇಳಿಸಿತು.

"ದಾಕ್ಷಾಣಿ, ಈ ವರ್ಷರ ನಿಮ್ಮಣ್ಣ ಕರಿಯಾಕ ಬರ್ತಾನೋ, ಇಲ್ಲಾ ನಿನ್ನ ಮೋಟರಿಗೇ ಉಂಡಿ ತಿನಸ್ತೀಯೋ?"

ಎಲ್ಲರೂ ನಕ್ಕರು. ಒಂಬತ್ತು ವರ್ಷದ ಹಿಂದೆ ನಾನೇ ನಗಿಸಿದ ಓಣಿ. ಬಾಯಿ ತಾನಾಗಿಯೇ ತೆರೆಯಿತು.

"ಬರಾಂಗಿಲ್ಲ ಮುರಿಗೆವ್ವ. ಎರಡು ಶ್ರಾವಣ ಬಂದ ವರ್ಷ ಅಣ್ಣಾದಾವ ತಂಗೀನ್ನ ಪಂಚಮಿಗೆ ಕರಿಯಬಾರದು. ಬದ್ಲಿಗೆ ಹಸಿರು ಬಳಿ ಕೊಡಬೇಕು. ನಮ್ಮಣ್ಣ ಕಳಿಸ್ಯಾನ, ನೋಡು."

"ಹೌದಾ? ಯಾರ ಹೇಳಿದ್ರವಾ ಇದನ್ನ?"

"ಧಾರವಾಡದಾಗ ಎಲ್ಲಾರೂ ಮಾಡಾಕತ್ತಾರ."

ಧಾರವಾಡ ಅಂದ ಮೇಲೆ ಮುಗಿಯಿತು. ಹುಬ್ಬಳ್ಳಿಯವರು ವ್ಯಾಪಾರದಲ್ಲಿ ಯಾರಪ್ಪನ ಮಾತೂ ಕೇಳುವುದಿಲ್ಲ, ಆದರೆ ಶಾಸ್ತ್ರ, ಸಂಗೀತ, ಪೇಡೆ ಅಂದರೆ ಧಾರವಾಡಕ್ಕೆ ತಲೆ ಬಾಗುತ್ತಾರೆ. ನನ್ನ ಬಳೆಗಳನ್ನು ಒಬ್ಬೊಬ್ಬರೇ ಮುಟ್ಟಿ ನೋಡಿದರು.

ಸುಳ್ಳು ಹೇಳಿದ್ದು ಅಷ್ಟೇನೂ ಕಷ್ಟವಾಗಲಿಲ್ಲ. ಅದೇ ಚಿಂತೆ.

24 ಜುಲೈ, ಶನಿವಾರ

ಮುರಿಗೆವ್ವನ ಕೈ ಹಸಿರಾಗಿದೆ. ಕುಂದಗೋಳದಿಂದ ಅವಳ ತಮ್ಮ ಬಂದು ಕೊಟ್ಟು ಹೋದನಂತೆ.

"ನೀ ಹೇಳಿದ್ದು ಖರೇ ಐತಿ ದಾಕ್ಷಾಣಿ. ಕುಂದಗೋಳದಾಗೂ ಎಲ್ಲಾರೂ ಹಂಗ ಅನ್ನಾಕತ್ತಾರ."

ಕುಂದಗೋಳಕ್ಕೆ ಹೇಳಿದ್ದು ಇವಳೇ. ಕಾಯಿನ್ ಬಾಕ್ಸ್ ಫೋನಿನಿಂದ. ನಾನೇ ಕಿವಿಯಾರೆ ಕೇಳಿದ್ದೇನೆ.

29 ಜುಲೈ

ಪಾಳಿಯಲ್ಲಿ ಹನ್ನೊಂದು ಜನ, ಒಂಬತ್ತು ಜನರ ಕೈ ಹಸಿರು. ಉಳಿದಿಬ್ಬರಿಗೆ ಅಣ್ಣತಮ್ಮಂದಿರಿಲ್ಲ. ಕಾಕಾನ ಮಗ ಕೊಟ್ಟರೆ ನಡೆಯುತ್ತದೆಯೇ ಅಂತ ನನ್ನನ್ನೇ ಕೇಳಿದರು. ನಡೆಯುತ್ತದೆ ಅಂದೆ. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರೆ ಇನ್ನೇನು ಹೇಳಲಿ?

1 ಆಗಸ್ಟ್, ಭಾನುವಾರ

ಪಾಪ ತಿರುಗಿ ಮನೆಗೇ ಬಂತು. ನಮ್ಮ ಯಜಮಾನರಿಗೆ ನಾಲ್ವರು ತಂಗಿಯರು. ಅಣ್ಣಿಗೇರಿ, ನವಲಗುಂದ, ಕಲಘಟಗಿ, ಹಾವೇರಿ. ನಾಲ್ವರೂ ಫೋನ್ ಮಾಡಿದರು. ನಾಲ್ವರೂ ಒಂದೇ ಮಾತು: "ಫಕೀರೇಶಣ್ಣಾ, ಮರತೀಯೇನೋ?"

ಹಿಟ್ಟಿನ ಡಬ್ಬಿಯಲ್ಲಿ ನನ್ನ ಹಳೆ ಸೀರೆ ಹಾಸಿ, ಬಳೆ ಇಟ್ಟು, ಲೂನಾದ ಹಿಂದೆ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟರು. ಸಂಜೆ ವಾಪಸ್ ಬಂದಾಗ ಮೈಯೆಲ್ಲಾ ಕೆಸರು. ನವಲಗುಂದದ ಕರಿ ಮಣ್ಣಿನಲ್ಲಿ ಲೂನಾ ಹೂತಿತ್ತಂತೆ. ಇನ್ನೂ ಎರಡು ಊರು ಬಾಕಿ.

"ಇದನ್ನ ಹುಟ್ಟಿಸಿದಾವ ಯಾರಂತ ಗೊತ್ತಾಗಲಿ, ಅವನ ಕೈಗೆ ಬಳಿ ಇಡತೇನಿ!"

ಇಟ್ಟಾಗಿದೆ, ಕೈಗೊಂದು ಡಜನ್. ಹೇಳಲಿಲ್ಲ. ಬಿಸಿ ನೀರು ಕಾಸಿ ಕೊಟ್ಟೆ, ಬೆನ್ನು ತಿಕ್ಕಿದೆ. "ಇವತ್ತೇನು ಭಾಳ ಪ್ರೀತಿ?" ಅಂದರು. ಸುಕನ್ಯಾ ಒಂಬತ್ತನೆಯ ಇಯತ್ತೆಯಲ್ಲಿದ್ದಾಳೆ, ಎಲ್ಲಾ ತಿಳಿಯುತ್ತದೆ. ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ.

5 ಆಗಸ್ಟ್. ಮಧ್ಯಾಹ್ನ, ಕರೆಂಟ್ ಇಲ್ಲ

ನಾನು ಒಂದು ಹೇಳಿದ್ದೆ, ಅದೀಗ ಹತ್ತಾಗಿದೆ. ಡಜನ್ ಸಾಲದು, ಹದಿಮೂರು ಬೇಕು. ಅಣ್ಣ ಸ್ವಂತ ಕೈಯಿಂದ ಕೊಡಬೇಕು. ಮಧ್ಯಾಹ್ನ ಹನ್ನೆರಡರ ಒಳಗೆ. ಜೊತೆಗೊಂದು ಕುಪ್ಪಸದ ಖಣ. ಅಮಾವಾಸ್ಯೆ ದಾಟಬಾರದು. ಧಾರವಾಡ ಹಳೆಯದಾಯಿತು; ಇದೀಗ ಕಾಶಿಯಿಂದ ಬಂದದ್ದು. ಪೇಪರಿನಲ್ಲಿ ಒಬ್ಬ ಮಾಸ್ತರರು ಪತ್ರ ಬರೆದಿದ್ದಾರೆ: 'ಇದು ಬಳೆ ವ್ಯಾಪಾರಿಗಳ ಹುನ್ನಾರ.' ಓದಿ ಹೊಟ್ಟೆ ಉರಿಯಿತು. ವ್ಯಾಪಾರಿಗಳು ಏನು ಮಾಡಿದ್ದಾರೆ ಪಾಪ. ಗಿರಣಿಯವಳ ಹುನ್ನಾರ, ಮಾಸ್ತರೇ.

ಗೌಸಮೊದ್ದೀನ ಸೈಕಲ್ ನಿಲ್ಲಿಸಿ ಬಂದ. ಬಳೆ ಹೊರುವ ಮಲಾರ ಖಾಲಿ.

"ಅಕ್ಕಾರ, ಎಂಟು ದಿನದಾಗ ನಾಕು ಸಲ ಖಾಲಿ ಆತ್ರಿ. ಹಸಿರು ಅಂಬೋದು ಮಾರ್ಕೆಟ್ಟಿನಾಗ ಇಲ್ರಿ."

ತಲೆ ತಗ್ಗಿಸಿದೆ. ಬಳೆ ಅಣ್ಣ ಕಳಿಸಿದ್ದಲ್ಲ ಅಂತ ಲೋಕದಲ್ಲಿ ಗೊತ್ತಿದ್ದವನು ಇವನೊಬ್ಬ. ಅವನು ದನಿ ತಗ್ಗಿಸಿದ. "ಹೆದರಬ್ಯಾಡ್ರಿ. ಬಳಿಗಾರಗ ಓಣೀ ಕೈ ಎಲ್ಲಾ ಗೊತ್ತಿರತಾವು. ಬಾಯಿ ಇರಬಾರದು."

8 ಆಗಸ್ಟ್

ಇವತ್ತು ಹೊಸದೊಂದು ಬಂತು. ಅಮಾವಾಸ್ಯೆಯ ಒಳಗೆ ಬಳೆ ಕೊಡದಿದ್ದರೆ ಅಣ್ಣನಿಗೆ ಕಂಟಕ.

ನಾನು ಹೇಳಿದ್ದರಲ್ಲಿ ಕಂಟಕ ಇರಲಿಲ್ಲ. ದೇವರಾಣೆ ಇರಲಿಲ್ಲ. ಯಾರು ಸೇರಿಸಿದರೋ. ಸುಳ್ಳು, ಪೂರಾ ಸುಳ್ಳು, ನಾನೇ ಹೆತ್ತ ಸುಳ್ಳು ಇದು, ನನಗೆ ಗೊತ್ತಿಲ್ಲವೇ...

ಆದರೂ ಲೆಕ್ಕ ಹಾಕಿದೆ. ಅಮಾವಾಸ್ಯೆಗೆ ಎಂಟು ದಿನ. ಹುಬ್ಬಳ್ಳಿ ಧಾರವಾಡದಲ್ಲೆಲ್ಲಾ ಬಳೆ ಕೊಡದೆ ಉಳಿದ ಅಣ್ಣ ಒಬ್ಬನೇ. ನನ್ನವನು.

11 ಆಗಸ್ಟ್, ಬುಧವಾರ. ಸಂಜೆ

ಗೋಧಿ ಬೀಸಿಸಲು ಬಂದ ಹೆಂಗಸೊಬ್ಬಳ ಗಂಡ ಸತ್ತೂರಿನ ಆಸ್ಪತ್ರೆಯಲ್ಲಿದ್ದಾನೆ. ಮಾತಿಗೆ ಮಾತು ಬಂದು ಹೇಳಿದಳು. ಗೇಟಿನ ಮುಂದೆ ಬೀರಲಿಂಗಪ್ಪನ ಚಹಾದಂಗಡಿ ಮೂರು ದಿನದಿಂದ ಮುಚ್ಚಿದೆಯಂತೆ. ಯಾಕೆ ಗೊತ್ತಿಲ್ಲ.

ಆ ಅಂಗಡಿ ಮುಚ್ಚಿದ್ದು ನನಗೆ ಗೊತ್ತಿರುವಂತೆ ಎರಡೇ ಸಲ. ಅಪ್ಪ ಸತ್ತಾಗ ಮತ್ತು ಗಣಪತಿ ಹಾಲು ಕುಡಿದಾಗ.

ಇವರ ಕಿವಿಗೆ ಬೀಳದಿರಲಿ ಅಂತ ಮನೆಯ ಫೋನು ಬಿಟ್ಟು ಕಾಯಿನ್ ಬಾಕ್ಸಿಗೆ ಓಡಿದೆ. ನಂಬರು ಒಂಬತ್ತು ವರ್ಷದಿಂದ ಬಾಯಿಪಾಠ. ವೈನಿ ಎತ್ತಿದಳು. "ಹಲೋ." ಇಟ್ಟುಬಿಟ್ಟೆ. ಒಂದು ಹಲೋದಲ್ಲಿ ಅಳು ಇದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಇನ್ನೊಂದು ರೂಪಾಯಿ ಹಾಕಿದೆ. "ಹಲೋ?" ಗೊತ್ತಾಗಲಿಲ್ಲ. ಮೂರನೆಯ ಸಲ ವೈನಿ, "ಯಾವಾಕಿ ಅದೀ ನೀ? ಬಾಯಾಗ ಏನು ಹಿಟ್ಟು ತುಂಬೇತೇನು?" ಅಂತ ಚೀರಿದಳು.

ಮನೆಯಲ್ಲಿ ಕಂಟಕ ಇದ್ದವರು ಇಷ್ಟು ಗಟ್ಟಿಯಾಗಿ ಬೈಯುವುದಿಲ್ಲ. ತುಸು ಸಮಾಧಾನ. ಆದರೂ ಊಟ ಸೇರಲಿಲ್ಲ. ಕಂಡವರ ಹುಚ್ಚಿಗೆಲ್ಲಾ ನಕ್ಕವಳು ನಾನು. ಈಗ ನನ್ನ ಸುಳ್ಳಿಗೆ ನಾನೇ ಹೆದರಿ ದೇವರ ಮುಂದೆ ದೀಪ ಹಚ್ಚಿದ್ದೇನೆ. ನಾಳೆ ನಾನೇ ಸತ್ತೂರಿಗೆ ಹೋಗಿ ಕಾಲು ಹಿಡಿಯಲೇ? ಕರೆಯದೆ ಹೋಗಬಾರದು. ಹೋಗದೆ ಇರಲಾರೆ.

14 ಆಗಸ್ಟ್, ಶನಿವಾರ. ಮಧ್ಯಾಹ್ನ 3. ಕರೆಂಟ್ ಇದೆ, ಗಿರಣಿ ನಿಲ್ಲಿಸಿ ಬರೆಯುತ್ತಿದ್ದೇನೆ

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ಹನ್ನೊಂದೂವರೆಯ ಸುಮಾರಿಗೆ ಆರೇಳು ಪುಟ್ಟಿ ಪಾಳಿಯಲ್ಲಿದ್ದವು. ಗಿರಣಿ ಓಡುತ್ತಿತ್ತು. ಯಾರ ಪಾಳಿ ಅಂತ ತಲೆ ಎತ್ತಿದರೆ ಹೆಂಗಸರ ನಡುವೆ ಒಬ್ಬ ಗಂಡಸು. ತಲೆಯ ಮೇಲೆ ಜೋಳದ ಚೀಲ, ಬಗಲಲ್ಲಿ ಕೈಚೀಲ. ಮೀಸೆ ಬೆಳ್ಳಗಾಗಿದೆ. ಅಣ್ಣ.

ಮೋಟರ್ ಬಂದ್ ಮಾಡಿದೆ.

"ಬೀಸಾಕ ಬಂದೇನಿ," ಅಂದ. ಗೋಡೆ ನೋಡುತ್ತ.

"ಸತ್ತೂರಾಗ ಗಿರಣಿ ಇಲ್ಲೇನಣ್ಣಾ?"

"ಅಲ್ಲಿ ಹಿಟ್ಟು ಉರುಟು ಬರತೈತಿ, ನುಣ್ಣಗ ಆಗೂದಿಲ್ಲ."

ಹದಿನೈದು ಕಿಲೋಮೀಟರು, ಎರಡು ಬಸ್ಸು, ಐದು ಸೇರು ಜೋಳ. ಉರುಟಂತೆ. ಒಳಗೆ ಬಾ ಅಂದೆ. ಬರಲಿಲ್ಲ. "ಮನಿ ಹೊಸ್ತಿಲಾ ತುಳಿಯಾಂಗಿಲ್ಲ ಅಂದೇನಿ. ಗಿರಣಿಗೆ ಹೊಸ್ತಿಲಾ ಇಲ್ಲ, ಅದಕ್ಕ ಇಲ್ಲಿಗೆ ಬಂದೆ." ಕೆಳಗೆ ನೋಡಿದೆ. ಹೌದು, ಬರೀ ಸಿಮೆಂಟು. ಒಂಬತ್ತು ವರ್ಷ ಇಬ್ಬರಿಗೂ ಇದು ಹೊಳೆದಿರಲಿಲ್ಲ.

ಕೈಚೀಲದಿಂದ ಪೇಪರಿನ ಪೊಟ್ಟಣ ತೆಗೆದ. ಹಸಿರು ಬಳೆ. ಅಂಗಡಿ ಮುಚ್ಚಿ ಐದಾರು ದಿನ ತಿರುಗಿದನಂತೆ. ಧಾರವಾಡದಲ್ಲಿ ಇಲ್ಲ, ಬೆಳಗಾವಿಯಲ್ಲಿ ಕೆಂಪು ಮಾತ್ರ, ಗದಗಿನಲ್ಲಿ ಸಿಕ್ಕವು ಸಣ್ಣ ಹುಡುಗಿಯರ ಅಳತೆ. ಕಡೆಗೆ ಇಲ್ಲೇ ಬಂದು ಗೌಸಮೊದ್ದೀನನನ್ನು ಹಿಡಿದನಂತೆ. "ತಂಗಿ ಅಳತಿ ಎಷ್ಟಂತ ಕೇಳಿದಾ. ನನಗೆಲ್ಲಿ ಗೊತ್ತು? ಗಿರಣಿ ದಾಕ್ಷಾ ಅಂದೆ. 'ಎರಡೂ ಕಾಲು' ಅಂತ ತಟ್ಟನ ಹೇಳಿ, ಮನಿಯವರಿಗಂತ ತಗದಿಟ್ಟಿದ್ದನ್ನ ಕೊಟ್ಟಾ." ಹದಿಮೂರು. ಜೊತೆಗೆ ಖಣ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ. ಒಂದು ನಿಯಮವನ್ನೂ ಬಿಟ್ಟಿರಲಿಲ್ಲ ನನ್ನ ಅಣ್ಣ.

ಗಿರಣಿಯಲ್ಲಿ ಒಡೆದು ಉಳಿದ ಹಳೆಯವುಗಳ ಮುಂದೆ, ಬಲಗೈಗೆ ತಾನೇ ಇಟ್ಟ. ಎರಡು ಒಡೆದವು. ಬೆವರಿದ.

ಆಮೇಲೆ ಜೋಳದ ಚೀಲದ ಮೇಲೆ ಕುಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಇದು ಎಲ್ಲಿ ಹುಟ್ಟಿತಂತ ಗೊತ್ತೈತೇನವಾ ನಿಮಗ? ವಿಜಾಪುರದಿಂದ ಒಬ್ಬ ಪೇಶಂಟಿನ ಮನಿಯವರು ಬಂದಿದ್ರು, ನಮ್ಮ ಅಂಗಡ್ಯಾಗ ಚಹಾ ಕುಡಕೋತ ಹೇಳಿದ್ರು. ಆ ಕಡಿ ಒಬ್ಬಾಕಿ ತಂಗಿ. ಏನೋ ಒಂದು ಮಾತಿಗೆ ಅಣ್ಣ ಸಿಟ್ಟಾದ. ಹನ್ನೆರಡು ವರ್ಷ ಆಕಿ ಮಾರಿ ನೋಡಲಿಲ್ಲ, ಪಂಚಮಿಗೆ ಕರೀಲಿಲ್ಲ. ಆಕಿ ಏನು ಮಾಡಿದ್ಲು? ತಾನ ಹಸಿರು ಬಳಿ ಇಡಿಸ್ಕೊಂಡು, ನಮ್ಮಣ್ಣ ಕಳಿಸ್ಯಾನ ಅಂತ ಓಣಿಗೆಲ್ಲಾ ತೋರಿಸಿದ್ಲು. ಅಣ್ಣನ ಹೆಸರು ಕೆಡಬಾರದಂತ! ಅಲ್ಲಿಂದ ಶುರು ಆತು ಇದು." ಟವೆಲಿನಿಂದ ಕಣ್ಣು ಒರೆಸಿದ. "ಎಂಥಾ ಕಲ್ಲೆದಿ ಇರಬೇಕವಾ ಆ ಅಣ್ಣಂದು! ನನ್ನ ಕೈಗೆ ಸಿಗಬೇಕಿತ್ತು ಅವ."

ಪಾಳಿಯ ಹೆಂಗಸರು ಅತ್ತರು. ನಾನು ಮುರಿಗೆವ್ವನ ಕಡೆ ನೋಡಿದೆ. ಮುರಿಗೆವ್ವ ಛತ್ತು ನೋಡುತ್ತಿದ್ದಳು.

ನನ್ನ ನಾಲಿಗೆಯ ತುದಿಗೆ ಬಂತು. ಆ ತಂಗಿ ನಾನೇ, ಆ ಅಣ್ಣ ನೀನೇ, ಅಂತ. ಹೇಳಿದರೆ ಮತ್ತೆ ಅದೇ ಬಾಗಿಲು, ಅದೇ ಮಂದಿ, ನಡುವೆ ನಿಂತ ಅವನು. ಅವನ ಚೀಲದಿಂದ ಒಂದು ಮುಷ್ಟಿ ಜೋಳ ತೆಗೆದು ಬಾಯಿಗೆ ಹಾಕಿಕೊಂಡೆ. ಗಿರಣಿಯವರು ಕಾಳು ಕಚ್ಚಿ ಹಸಿ ಒಣ ನೋಡುತ್ತೇವೆ, ಯಾರಿಗೂ ಸಂಶಯ ಬರಲಿಲ್ಲ. ಕಚ್ಚಿದೆ, ಕಚ್ಚಿದೆ.

"ನೀ ಏನಂತಿ ದಾಕ್ಷಾ? ನಂಬ್ತೀಯೇನು?" ಅಂದ. ದನಿ ಸಣ್ಣದಾಗಿತ್ತು. ಓಣಿ ಪೂರ್ತಿ ನನ್ನ ಬಾಯಿ ನೋಡಿತು.

"ನಂಬತೇನಿ ಅಣ್ಣಾ," ಅಂದೆ. ಜೋಳ ನುಂಗಿ.

ಮುಖ ಅರಳಿತು ಅವನದು. ಐದು ಸೇರು ಬೀಸಿದೆ, ಅಷ್ಟು ನುಣ್ಣಗೆ ಈ ಗಿರಣಿಯಲ್ಲಿ ಎಂದೂ ಬೀಸಿಲ್ಲ. ಚೀಲ ಕಟ್ಟಿಕೊಂಡು ನಿಂತ. ಈಗ ಕರೆಯುತ್ತಾನೆ, ಈಗ, ಅಂತ ನಾನು ಸೆರಗು ಹಿಡಿದು ನಿಂತೆ.

"ಶುಕ್ರವಾರ ಪಂಚಮಿ. ಕರೀಬೇಕಂತ ಜೀವ ಒಂದ ಸವನ ಹೇಳತೈತಿ. ನಿಮ್ಮ ವೈನಿ ಜೋಕಾಲಿ ಹಗ್ಗಾನೂ ತೆಗೆದಿಟ್ಟಾಳ. ಆದ್ರ ಏನು ಮಾಡೂದು? ಎರಡು ಶ್ರಾವಣದ ವರ್ಷ ಅಣ್ಣಾದಾವ ಕರಿಯಬಾರದಂತ. ಶಾಸ್ತ್ರ ಅಡ್ಡ ಬಂತು."

ನನ್ನ ಶಾಸ್ತ್ರ! ಒಂಬತ್ತು ವರ್ಷ ಕಾದು, ಅವನು ಎದುರಿಗೇ ನಿಂತು, ನಾನು ಕಟ್ಟಿದ ಗೋಡೆಗೆ ನಾನೇ ಹಣೆ ಬಡಿದುಕೊಂಡೆ. ಮೊದಲ ಬಾರಿಗೆ ನನ್ನ ನಾಲಿಗೆಗೆ ಏನೂ ತೋಚಲಿಲ್ಲ.

"ಅಯ್ಯ, ಬೀರಲಿಂಗಪ್ಪಾರ," ಅಂದಳು ಮುರಿಗೆವ್ವ, ಛತ್ತಿನಿಂದ ಕಣ್ಣಿಳಿಸಿ, "ಅದು ಹಳೇದಾತಲ್ರಿ! ನಿನ್ನಿಯಿಂದ ಹೊಸಾದು ಬಂದೇತಿ. ಬಳಿ ಕೊಟ್ಟ ಅಣ್ಣ ನಿಜ ಶ್ರಾವಣದ ಪಂಚಮಿಗೆ ಕರೀಲೇಬೇಕಂತ. ಇಲ್ಲಾಂದ್ರ ಬಳಿ ಕೊಟ್ಟಿದ್ದು ಮುಟ್ಟೂದಿಲ್ಲಂತ."

"ಹೌದ್ರಿ? ಧಾರವಾಡದಾಗ ಯಾರೂ ಹೇಳಲಿಲ್ಲ?"

"ಧಾರವಾಡಕ್ಕ ಇನ್ನಾ ಬಂದಿಲ್ರಿ. ಪುಣೇದಾಗ ಎಲ್ಲಾರೂ ಮಾಡಾಕತ್ತಾರ."

ಪುಣೆ ಅಂದ ಮೇಲೆ ಧಾರವಾಡದವನೂ ತಲೆ ಬಾಗಿದ. ಅಣ್ಣ ಚೀಲ ಕೆಳಗಿಟ್ಟು, ನನ್ನ ಕಡೆ ನೋಡಿದ. "ಶುಕ್ರವಾರ ಮುಂಜಾನೆ ಎಂಟಕ್ಕ ತಯಾರಿರು ತಂಗಿ. ಸುಕನ್ಯಾನ್ನೂ ಕರಕೋ."

ಅವನು ಹೋದ ಮೇಲೆ ಮುರಿಗೆವ್ವನನ್ನು ಹಿಡಿದು ಕೇಳಿದೆ, ಮೊದಲಿನಿಂದ ಗೊತ್ತಿತ್ತೇ ಅಂತ.

"ಗೌಸ ಸಾಬ ನಿನ್ನ ಕೈಗೆ ಬಳಿ ಇಡೂದನ್ನ ನಮ್ಮ ಕಟ್ಟಿ ಮ್ಯಾಲಿಂದ ನೋಡೇನಲ್ಲ."

"ಮತ್ತ ಯಾಕ ಹಬ್ಬಿಸಿದಿ?"

"ಬರೇ ಬಳಿ ಅಂದ್ರ ಯಾರು ನಂಬ್ತಾರವಾ? ಒಂದು ಕತಿ ಬೇಕಲ್ಲ. ನಿಂದ ಕತಿ ಹಚ್ಚಿದೆ, ಹೆಸರು ತಗದೆ. ಸತ್ತೂರಿಗೆ ಮುಟ್ಟಿದ್ರ ಮುಟ್ಟಲಿ ಅಂತ." ಪುಟ್ಟಿ ಎತ್ತಿಕೊಂಡಳು. "ಅವತ್ತ ಎಲ್ಲಾರಕಿಂತ ಹೆಚ್ಚ ನಕ್ಕಾಕಿ ನಾನ."

ಅವಳ ಹಿಟ್ಟು ಪುಕ್ಕಟೆ ಬೀಸಿಕೊಟ್ಟೆ. ಬೇಡ ಅನ್ನಲಿಲ್ಲ.

17 ಆಗಸ್ಟ್

ಫೋನಿನ ಮೇಲೆ ಫೋನು. ಪುಣೆಯ ಮಾತು ಹಬ್ಬಿದೆ. ಬಳೆ ಕೊಟ್ಟವರೆಲ್ಲಾ ಈಗ ಪಂಚಮಿಗೆ ಕರೆಯಲೇಬೇಕು. ಇವರ ನಾಲ್ವರು ತಂಗಿಯರೂ ಮಕ್ಕಳ ಸಮೇತ ಶುಕ್ರವಾರ ನಮ್ಮ ಮನೆಗೇ ಬರುತ್ತಾರಂತೆ. ಇವರು ತಲೆಯ ಮೇಲೆ ಕೈ ಹೊತ್ತು ಕುಂತಿದ್ದಾರೆ.

"ನೀ ಎಲ್ಲಿ ಹೊಂಟೀ?"

"ತವರಿಗೆ."

"ಅಡಿಗಿ?"

ನಾಲ್ಕು ಡಬ್ಬಿ ಉಂಡಿ ಕಟ್ಟಿಟ್ಟಿದ್ದೇನೆ. ಉಳಿದದ್ದಕ್ಕೆ ನಗೆಕೂಟದ ಮಿತ್ರರನ್ನು ಕರೆಯಿರಿ ಅಂದೆ.

20 ಆಗಸ್ಟ್ 2004, ಶುಕ್ರವಾರ. ಪಂಚಮಿ. ಸತ್ತೂರು, ಅಣ್ಣನ ಹಿತ್ತಲು

ಎಂಟಕ್ಕೆ ಅಂದವನು ಏಳಕ್ಕೇ ಬಂದ. ಈ ಸಲ ಮನೆಯ ಬಾಗಿಲಿಗೆ. ಬಲಗಾಲು ಎತ್ತಿ, ನಿಂತು, ಹೊಸ್ತಿಲಿಗೆ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದ. ನಾನು ಅಡಿಗೆಮನೆಗೆ ಹೋಗಿ ಅತ್ತು ಬಂದೆ.

ಇಲ್ಲಿ ವೈನಿ ಮಾತು ಕಡಿಮೆ. ಉಂಡಿ ಹೆಚ್ಚು. "ಮೂರು ಸಲ ಫೋನ್ ಹಚ್ಚಿ ಸುಮ್ಮನಿದ್ದಾಕಿ ನೀನ ಹೌದಿಲ್ಲ?" ಅಂತ ಕಿವಿಯಲ್ಲಿ ಕೇಳಿದಳು. ಅವಳು ಬೈದದ್ದು ಇಬ್ಬರಿಗೂ ನೆನಪಾಗಿ ನಕ್ಕೆವು.

ಮಧ್ಯಾಹ್ನ ಬೇವಿನ ಗಿಡದ ಬುಡದ ಕಲ್ಲು ನಾಗಪ್ಪನಿಗೆ ಹಾಲೆರೆಯಲು ಹೋದೆವು. ಅಣ್ಣನ ಕೈಯಲ್ಲಿ ಚಮಚ. ಕಲ್ಲಿನ ಬಾಯಿಗೆ ಹಿಡಿದ. ಹಾಲು ಸರ್ರಂತ ಇಳಿಯಿತು. ವೈನಿ ನನ್ನ ಮುಖ ನೋಡಿದಳು, ಸುಕನ್ಯಾ ನೋಡಿದಳು, ಅಣ್ಣ ನೋಡಿದ.

"ಹೌದಣ್ಣಾ," ಅಂದೆ, "ಕುಡದಾ."

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂಬತ್ತು ವರ್ಷದ ಬಾಕಿಯೆಲ್ಲಾ ಸೇರಿಸಿ ನಕ್ಕ.

"ಹುಚ್ಚೀ! ಕಲ್ಲು ಎಲ್ಲೆರ ಹಾಲು ಕುಡೀತೈತೇನು? ಮೈ ಮ್ಯಾಲೆ ಇಳೀತೈತಿ, ಅಷ್ಟ. ಅವತ್ತ ಮನಿಗೆ ಹೋಗಿ ನಮ್ಮ ರುಬ್ಬೋ ಒಳ್ಳಿಗೆ ಹಿಡದು ನೋಡಿದೆ. ಕುಡೀತು. ಪ್ರೈಮಸ್ ಸ್ಟೋವಿಗೆ ಹಿಡದೆ. ಅದೂ ಕುಡೀತು. ನೀ ಅಂದಿದ್ದು ಖರೇನ ಇತ್ತು. ಅದಕ್ಕ ಮತ್ತಷ್ಟು ಸಿಟ್ಟು ಬಂತು."

"ಅಂದ್ರ... ಈ ಬಳಿ ಮಾತು?"

"ಏ, ಅದು ಬ್ಯಾರೆ," ಅಂದ. ಮುಖ ಗಂಭೀರವಾಯಿತು. "ಹಾಲಿಂದು ಸುಳ್ಳು. ಬಳಿದು ಖರೇ. ಅದರ ಗುಣ ನಾ ಕಣ್ಣಾರೆ ನೋಡೇನಿ."

ಈಗ ಜೋಕಾಲಿಯಲ್ಲಿ ಸುಕನ್ಯಾ ಇದ್ದಾಳೆ. ಅಣ್ಣ ತೂಗುತ್ತಿದ್ದಾನೆ. ನಾನು ಕಟ್ಟೆಯ ಮೇಲೆ ಕುಂತು ಬರೆಯುತ್ತಿದ್ದೇನೆ. ಹೇಳಿಬಿಡಬೇಕು. ಇವತ್ತೇ ಹೇಳಬೇಕು, ಅವನು ನಗುತ್ತಿರುವಾಗಲೇ. ಅಣ್ಣಾ, ವಿಜಾಪುರದವಳಲ್ಲ ಆಕೆ, ಅಂತ ಶುರು ಮಾಡಿದರೆ ಉಳಿದದ್ದು ತಾನೇ ಬರುತ್ತದೆ. ಅಥವಾ ಮುಂದಿನ ವರ್ಷ. ಮುಂದಿನ ವರ್ಷ ಒಂದೇ ಶ್ರಾವಣ, ಕರೆಯಲು ಯಾವ ಅಡ್ಡಿಯೂ ಇಲ್ಲ, ಆಗ ಹೇಳಿದರೂ...

"ದಾಕ್ಷಾ, ಅದೇನು ಬರಕೋತ ಕುಂತೀ? ಬಾ, ಜೋಕಾಲಿ ಖಾಲಿ ಆತು!"

ಬಂದೆ ಅಣ್ಣಾ. ಇದೊಂದು ಸಾಲು ಬರೆದು...